ಒಂದು ಗಂಟೆ ಮಕ್ಕಳ ನೆನಪೇ ಆಗಲಿಲ್ಲ, ಇದು ತಪ್ಪಾ?

ಪ್ರಶ್ನೆ: ನನಗೆ 34 ವರ್ಷ. ಆರು ವರ್ಷದ ಮಗಳು, ಎರಡೂವರೆ ವರ್ಷದ ಮಗ ಇದ್ದಾರೆ. ಹೋದ ಶನಿವಾರ ನನ್ನ ಗಂಡ "ಇವತ್ತು ಮಕ್ಕಳನ್ನ ನಾನು ನೋಡ್ಕೋತೀನಿ, ನೀನು ಎಲ್ಲಿಗಾದ್ರೂ ಹೋಗಿ ಬಾ" ಅಂದರು. ಮಗ ಹುಟ್ಟಿದ ಮೇಲೆ ನಾನು ಒಬ್ಬಳೇ ಹೊರಗೆ ಹೋಗಿದ್ದು ಅದೇ ಮೊದಲು. ಮುಂಚೆ ತುಂಬಾ ಓದುತ್ತಿದ್ದೆ, ಹಾಗಾಗಿ ಪುಸ್ತಕದ ಅಂಗಡಿಗೆ ಹೋದೆ. ಹೊರಡುವಾಗ ಮಗ ಬಾಗಿಲು ಹಿಡಿದುಕೊಂಡು ಅತ್ತ. ಅಂಗಡಿಯಲ್ಲಿ ಮೊದಲ ಮುಕ್ಕಾಲು ಗಂಟೆ ಸುಮ್ನೆ ವೇಸ್ಟ್ ಆಯಿತು. ಯಾವ ಪುಸ್ತಕ ತೆಗೆದರೂ ಒಂದೇ ಸಾಲನ್ನು ಮೂರು ಸಲ ಓದುತ್ತಿದ್ದೆ. ಕಪಾಟಿನ ಮುಂದೆ ನಿಂತು, ಮಗುವನ್ನು ಎತ್ತಿಕೊಂಡು ತೂಗುವ ಹಾಗೆ ಮೈ ಅತ್ತಿತ್ತ ಆಡಿಸುತ್ತಿದ್ದೆ. ಕೈಯಲ್ಲಿ ಮಗುವೇ ಇರಲಿಲ್ಲ. ಆಮೇಲೆ ಮೂಲೆಯಲ್ಲಿ ಒಂದು ಸ್ಟೂಲ್ ಸಿಕ್ಕಿತು. ಒಂದು ಕಥಾಸಂಕಲನ ಹಿಡಿದು ಕೂತೆ. ತಲೆ ಎತ್ತಿದಾಗ ಒಂದು ಗಂಟೆ ಆಗಿತ್ತು. ಆ ಒಂದು ಗಂಟೆ ಮಕ್ಕಳ ನೆನಪೇ ಆಗಿರಲಿಲ್ಲ! ಎದೆ ಧಸಕ್ ಅಂದಿತು. ಆ ಪುಸ್ತಕ ಅಲ್ಲೇ ಇಟ್ಟು, ಮಕ್ಕಳಿಗೆ ಎರಡು ಪುಸ್ತಕ ತೆಗೆದುಕೊಂಡು ಓಡಿ ಬಂದೆ. ಆದರೆ ಮನೆ ಮುಂದೆ ಬಂದಾಗ ಒಳಗೆ ಹೋಗಲು ಮನಸ್ಸಾಗಲಿಲ್ಲ. ಐದು ನಿಮಿಷ ಹೊರಗೇ ನಿಂತಿದ್ದೆ. ಮತ್ತೆ ಹೋಗಬೇಕು ಅನ್ನಿಸುತ್ತಿದೆ, ಕೇಳಲು ಸಂಕೋಚ. ನಾನು ಇಷ್ಟು ಖುಷಿಪಟ್ಟಿದ್ದು ತಪ್ಪಾ? ನನ್ನಲ್ಲೇ ಏನೋ ಸರಿ ಇಲ್ವಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತಪ್ಪಲ್ಲ. ನೀವು ಸರಿಯಾಗೇ ಇದ್ದೀರಿ.

ಒಂದು ಗಂಟೆ ಮಕ್ಕಳ ನೆನಪಾಗಲಿಲ್ಲ ಅಂದರೆ ಮಕ್ಕಳು ಕ್ಷೇಮವಾಗಿದ್ದಾರೆ ಅನ್ನುವುದು ನಿಮ್ಮ ಮನಸ್ಸಿಗೆ ಗಟ್ಟಿಯಾಗಿ ಗೊತ್ತಿತ್ತು ಅಂತ ಅರ್ಥ. ಅದು ಗೊತ್ತಿಲ್ಲದಿದ್ದರೆ ಆ ಸ್ಟೂಲ್ ಮೇಲೆ ಐದು ನಿಮಿಷವೂ ಕೂರಲು ಆಗುತ್ತಿರಲಿಲ್ಲ. ಮಗುವಿಗೆ ಜ್ವರ ಇದ್ದ ದಿನ ಹೊರಗೆ ಹೋದದ್ದನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಕೈ ಕೆಲಸ ಮಾಡುತ್ತಿರುತ್ತದೆ, ಜೀವ ಮನೆಯಲ್ಲೇ ಇರುತ್ತದೆ. ಹೋದ ಶನಿವಾರ ಹಾಗಾಗಲಿಲ್ಲ. ಮಕ್ಕಳು ಅಪ್ಪನ ಹತ್ತಿರ ಇದ್ದರು, ಅದು ನಿಮಗೆ ಸಾಕಾಗಿತ್ತು. ಮರೆವು ಬಂದದ್ದು ಆ ನಂಬಿಕೆಯಿಂದ. ಪ್ರೀತಿ ಕಮ್ಮಿಯಾಗಿ ಅಲ್ಲ.

ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಒಂದು ಮಾತು. ಕೈಯಲ್ಲಿ ಮಗು ಇಲ್ಲದಿದ್ದರೂ ಮೈ ತೂಗುತ್ತಿತ್ತು ಅಂತ ಬರೆದಿದ್ದೀರಿ. ಅದನ್ನು ಓದಿದಾಗ ನನ್ನದೇ ಒಂದು ಸಂಜೆ ಕಣ್ಣ ಮುಂದೆ ಬಂತು. ಆಗ ನನ್ನ ಮಗಳಿಗೆ ಎಂಟು ತಿಂಗಳು. ಪುಸ್ತಕದ ಅಂಗಡಿಯಲ್ಲಿ ಬಿಲ್ ಮಾಡಿಸಲು ಸಾಲಿನಲ್ಲಿ ನಿಂತಿದ್ದೆ. ಒಂದು ಪುಸ್ತಕವನ್ನು ಎದೆಗೆ ಒತ್ತಿ ಹಿಡಿದಿದ್ದೆ. ಸ್ವಲ್ಪ ಹೊತ್ತಾದ ಮೇಲೆ ಗಮನಕ್ಕೆ ಬಂತು, ನನ್ನ ಬಲಗೈ ಆ ಪುಸ್ತಕದ ಬೆನ್ನನ್ನು ಮೆಲ್ಲಗೆ ತಟ್ಟುತ್ತಿತ್ತು. ಹಾಲು ಕುಡಿದ ಮಗುವಿಗೆ ತೇಗು ಬರಲಿ ಅಂತ ತಟ್ಟುತ್ತೀವಲ್ಲ, ಅದೇ ಲಯ. ನಾನು ಮನೆಯಿಂದ ಹೊರಗೆ ಬಂದಿದ್ದೆ, ನನ್ನ ಕೈ ಇನ್ನೂ ಬಂದಿರಲಿಲ್ಲ.

ಚಿಕ್ಕ ಮಕ್ಕಳಿರುವ ಅಪ್ಪ ಅಮ್ಮಂದಿರ ದಣಿವು ಅಂದರೆ ನನ್ನ ಮಟ್ಟಿಗೆ ಇದೇ. ಕೆಲಸದ ಭಾರ ಒಂದು ಕಡೆ, ಕಾವಲಿನ ಭಾರ ಇನ್ನೊಂದು ಕಡೆ. ಪಾತ್ರೆ ತೊಳೆದು ಮುಗಿಯುತ್ತದೆ, ಕಾವಲು ಮುಗಿಯುವುದೇ ಇಲ್ಲ. ನಿದ್ದೆಯಲ್ಲೂ ಒಂದು ಕಿವಿ ಎದ್ದಿರುತ್ತದೆ. ಅಡುಗೆಮನೆಯಲ್ಲಿ ನಿಂತಿರುವಾಗ ಪಕ್ಕದ ಕೋಣೆಯಲ್ಲಿ ಸದ್ದಾದರೂ ಹೋಗಿ ನೋಡಬೇಕು. ಸದ್ದೇ ಇಲ್ಲದಿದ್ದರೆ ಇನ್ನೂ ಬೇಗ ಹೋಗಿ ನೋಡಬೇಕು. ಇಂಥ ದಿನಗಳು ಎರಡೂವರೆ ವರ್ಷ ಸತತ ನಡೆದಿವೆ ಅಂದರೆ, ಒಂದು ಸಂಜೆ ಯಾರೋ "ಹೋಗಿ ಬಾ" ಅಂದ ತಕ್ಷಣ ಮೈಗೆ ಅದು ತಿಳಿಯುವುದು ಹೇಗೆ? ಹೊತ್ತು ಬೇಕು.

ನೀವು ವೇಸ್ಟ್ ಆಯಿತು ಅಂದುಕೊಂಡ ಮುಕ್ಕಾಲು ಗಂಟೆ ಆ ಹೊತ್ತು. ಅದಿಲ್ಲದೆ ಆಮೇಲಿನ ಒಂದು ಗಂಟೆ ಬರುತ್ತಲೇ ಇರಲಿಲ್ಲ.

ಇದಕ್ಕೆ ಒಂದು ಹೆಸರೂ ಇದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು 'ಗಮನದ ಶೇಷ' ಅಂತ ಕರೆದರು. ಅವರು ನೋಡಿದ್ದು ಆಫೀಸಿನ ಥರದ ಕೆಲಸಗಳನ್ನು. ಒಂದು ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದರೆ, ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲೇ ಉಳಿದುಬಿಡುತ್ತದೆ, ಹೊಸ ಕೆಲಸಕ್ಕೆ ಪೂರ್ತಿ ಸಿಗುವುದಿಲ್ಲ. ಆಫೀಸಿನ ಒಂದು ಫೈಲಿಗೇ ಹೀಗಾದರೆ, ಅಳುತ್ತಿರುವ ಮಗನನ್ನು ಬಾಗಿಲಲ್ಲಿ ಬಿಟ್ಟು ಬಂದವರಿಗೆ ಹೇಗಾಗಬೇಕು ಹೇಳಿ! ಒಂದೇ ಸಾಲನ್ನು ಮೂರು ಸಲ ಓದಿದ್ದರಲ್ಲಿ ಆಶ್ಚರ್ಯವೇ ಇಲ್ಲ. ನಿಮ್ಮ ಓದುವ ಶಕ್ತಿ ಹೋಗಿಲ್ಲ. ಆಮೇಲೆ ಒಂದು ಗಂಟೆ ತಲೆ ಎತ್ತದೆ ಓದಿದ್ದೀರಿ, ಅದೇ ಸಾಕ್ಷಿ.

ಈ ಶೇಷವನ್ನು ಸ್ವಲ್ಪ ಕಮ್ಮಿ ಮಾಡಲು ಒಂದು ಉಪಾಯ ಇದೆ. ಮುಗಿಯದ ಕೆಲಸ ತಲೆಯಲ್ಲಿ ಕೊರೆಯುತ್ತಿರುತ್ತದೆ, ಅದು ನಮಗೆಲ್ಲ ಗೊತ್ತು. ಮಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಒಳ್ಳೆಯ ಸಂಗತಿ ಕಂಡುಬಂತು. ಕೆಲಸ ಮುಗಿಯಲೇಬೇಕು ಅಂತಿಲ್ಲ. ಯಾವಾಗ, ಹೇಗೆ ಮಾಡುತ್ತೇವೆ ಅಂತ ಸ್ಪಷ್ಟವಾಗಿ ಗೊತ್ತುಮಾಡಿಕೊಂಡರೂ ಸಾಕು, ಆ ಕೊರೆತ ನಿಲ್ಲುತ್ತದೆ. ಹಾಗಾಗಿ ಹೊರಡುವ ಮುಂಚೆ ಹತ್ತು ನಿಮಿಷ ತೆಗೆದುಕೊಂಡು ತಲೆಯಲ್ಲಿ ಇರುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆಯಿರಿ. ಎರಡು ಭಾಗ ಮಾಡಿ. ಒಂದು ಭಾಗ ಗಂಡನಿಗೆ: ಔಷಧ ಇದ್ದರೆ ಎಷ್ಟು ಗಂಟೆಗೆ, ಮಗ ಏನು ಹಿಡಿದುಕೊಂಡು ಮಲಗುತ್ತಾನೆ. ಇನ್ನೊಂದು ನಿಮಗೆ: ನಾಳೆ ಬೆಳಿಗ್ಗೆ ಮಾಡಬೇಕಾದ್ದು. ಚೀಟಿ ಮನೆಯಲ್ಲೇ ಇರಲಿ, ನೀವು ಹೊರಡಿ. ಗಂಡನ ಭಾಗ ನಾಲ್ಕು ಸಾಲು ಮೀರಬಾರದು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಈಗ ಅಂಗಡಿಗೆ ಬರೋಣ. ನೀವು ಪುಸ್ತಕದ ಅಂಗಡಿಯನ್ನೇ ಆರಿಸಿಕೊಂಡಿದ್ದು ನನಗೆ ತುಂಬಾ ಹಿಡಿಸಿತು. ಬಿಡುವು ಸಿಕ್ಕಾಗ ಎಲ್ಲಿಗೆ ಹೋಗಬೇಕು ಅಂತ ಅಪ್ಪ ಅಮ್ಮಂದಿರು ನನ್ನನ್ನು ಕೇಳುತ್ತಿರುತ್ತಾರೆ. ಸಿನಿಮಾ ಆದರೆ ಶುರುವಾಗುವ ಹೊತ್ತಿಗೆ ಸರಿಯಾಗಿ ಹೋಗಬೇಕು. ಗೆಳತಿಯರ ಜೊತೆ ಹೋದರೆ ಮಾತಾಡಬೇಕು, ಅರ್ಧ ಮಾತು ಮಕ್ಕಳದ್ದೇ ಆಗುತ್ತದೆ. ಪುಸ್ತಕದ ಅಂಗಡಿಗೆ ಆರಂಭವೂ ಇಲ್ಲ, ಮುಗಿಯುವ ಹೊತ್ತೂ ಇಲ್ಲ. ಸುತ್ತ ಜನ ಇರುತ್ತಾರೆ, ಯಾರೂ ಕರೆಯುವುದಿಲ್ಲ. ಒಂದೇ ಕಡೆ ಇಪ್ಪತ್ತು ನಿಮಿಷ ನಿಂತರೆ ಯಾಕೆ ನಿಂತಿದ್ದೀರಿ ಅಂತ ಯಾರೂ ಕೇಳುವುದಿಲ್ಲ. ಕೈಗೆತ್ತಿಕೊಂಡಿದ್ದನ್ನು ವಾಪಸ್ ಇಡಬಹುದು. ಮಕ್ಕಳಿರುವ ಮನೆಯಲ್ಲಿ ಕೈಗೆತ್ತಿಕೊಂಡ ಯಾವುದನ್ನೂ ಹಾಗೆ ಸುಮ್ನೆ ವಾಪಸ್ ಇಡಲು ಆಗಲ್ಲ, ಅಲ್ವಾ?

ಗಮನ ಎರಡು ಥರ ಕೆಲಸ ಮಾಡುತ್ತದೆ ಅಂತ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ಎಂಬ ಮನಶ್ಶಾಸ್ತ್ರಜ್ಞ ದಂಪತಿ ಹೇಳುತ್ತಿದ್ದರು. ಒಂದು, ನಾವು ಬಲವಂತವಾಗಿ ಹಿಡಿದಿಟ್ಟುಕೊಳ್ಳುವ ಗಮನ. ಅದು ಬೇಗ ದಣಿಯುತ್ತದೆ. ದಣಿದಾಗ ಸಿಡುಕು ಜಾಸ್ತಿ, ಮರೆವು ಜಾಸ್ತಿ. ಇನ್ನೊಂದು, ತಾನಾಗಿ ಹರಿದು ಹೋಗುವ ಗಮನ. ಎಲೆ ಅಲುಗುವುದನ್ನು, ನೀರು ಹರಿಯುವುದನ್ನು ನೋಡುವಾಗ ಇರುತ್ತದಲ್ಲ, ಅದು. ಆಗ ಮೊದಲನೆಯದಕ್ಕೆ ವಿಶ್ರಾಂತಿ ಸಿಗುತ್ತದೆ. ಅವರು ಜಾಸ್ತಿ ಬರೆದದ್ದು ಮರ ಗಿಡ, ಬಯಲಿನ ಬಗ್ಗೆ. ಆದರೆ 1993ರಲ್ಲಿ ಸ್ಟೀಫನ್ ಕಪ್ಲಾನ್ ಇನ್ನಿಬ್ಬರ ಜೊತೆ ಸೇರಿ ಮ್ಯೂಸಿಯಂ ಕೂಡ ಇಂಥ ಜಾಗ ಆಗಬಹುದು ಅಂತ ಬರೆದರು. ಪುಸ್ತಕದ ಅಂಗಡಿಯನ್ನು ಆ ಪಟ್ಟಿಗೆ ಸೇರಿಸುತ್ತಿರುವುದು ನಾನು.

ಯಾಕೆ ಸೇರಿಸುತ್ತೇನೆ ಅಂದರೆ, ಕಪಾಟಿನ ಮುಂದೆ ನಿಂತಾಗ ಕಣ್ಣು ಏನು ಮಾಡುತ್ತದೆ ಅಂತ ನೋಡಿ. ತಲೆ ಸ್ವಲ್ಪ ವಾಲುತ್ತದೆ. ಬೆನ್ನುಗಳ ಮೇಲೆ ಕಣ್ಣು ಜಾರುತ್ತಾ ಹೋಗುತ್ತದೆ. ಒಂದು ಬಣ್ಣ, ಒಂದು ಹೆಸರು, ಮುಂದಕ್ಕೆ. ಯಾವುದೋ ಒಂದು ಕಡೆ ನಿಲ್ಲುತ್ತದೆ. ಯಾಕೆ ನಿಂತಿತು ಅಂತ ನಮಗೇ ಗೊತ್ತಿಲ್ಲ. ಪುಸ್ತಕದ ತಲೆಗೆ ಬೆರಳು ಹಾಕಿ ವಾಲಿಸಿ ಹೊರಗೆ ಎಳೆಯುತ್ತೇವೆ. ಹಿಂದಿನ ರಕ್ಷಾಪುಟ ಓದುತ್ತೇವೆ. ಮಧ್ಯದಲ್ಲಿ ಎಲ್ಲೋ ತೆರೆಯುತ್ತೇವೆ. ಮೂಗಿನ ಹತ್ತಿರ ಹಿಡಿದು ವಾಸನೆ ನೋಡುವವರೂ ಇದ್ದಾರೆ, ನಾನೂ ಅವರಲ್ಲಿ ಒಬ್ಬಳು. ಇದಿಷ್ಟೂ ಯಾರ ಅವಸರಕ್ಕೂ ಅಲ್ಲ. ಇದರಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತಲೂ ಇಲ್ಲ. ದಿನವಿಡೀ "ಅಮ್ಮಾ, ಇದು ನೋಡು", "ಅಮ್ಮಾ, ಬಾ" ಅಂತ ಬೇರೆಯವರು ತೋರಿಸಿದ ಕಡೆಗೆ ತಿರುಗುವ ಕಣ್ಣು, ಇಲ್ಲಿ ತನಗೆ ಬೇಕಾದ ಕಡೆ ಹೋಗುತ್ತದೆ.

ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟರು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ. ನನಗೆ ಮೂರನೆಯದು ಹೆಚ್ಚು ಇಷ್ಟ. ಓದುಗರು ಕಪಾಟುಗಳ ನಡುವೆ ತಾವೇ ಓಡಾಡಿ ನೋಡುವಂತಿರಬೇಕು, ಹುಡುಕದೆ ಇದ್ದ ಪುಸ್ತಕ ಆಗ ಕೈಗೆ ಸಿಗುತ್ತದೆ ಅನ್ನುವುದು ಅವರ ವಾದವಾಗಿತ್ತು. ಅವರು ಗ್ರಂಥಾಲಯಕ್ಕೆ ಹೇಳಿದರು, ಅಂಗಡಿಗೂ ಇದು ಸರಿಹೋಗುತ್ತದೆ. ಯಾವ ಪುಸ್ತಕ ಬೇಕು ಅಂತ ಮೊದಲೇ ಗೊತ್ತಿದ್ದರೆ ಮನೆಗೇ ತರಿಸಿಕೊಳ್ಳಬಹುದು. ನಿಮಗೆ ಏನು ಬೇಕು ಅಂತ ನಿಮಗೇ ಮರೆತುಹೋಗಿದ್ದರೆ ಮಾತ್ರ ಅಂಗಡಿಗೇ ಹೋಗಬೇಕು. ಚಿಕ್ಕ ಮಕ್ಕಳಿರುವವರು ಎಷ್ಟೋ ಜನ ಈ ಮರೆತ ಸ್ಥಿತಿಯಲ್ಲೇ ಇರುತ್ತಾರೆ. ಮಗುವಿಗೆ ಏನಿಷ್ಟ ಅಂತ ಕೇಳಿದರೆ ಹತ್ತು ಹೇಳುತ್ತಾರೆ. ನಿಮಗೇನಿಷ್ಟ ಅಂದರೆ ತಡವರಿಸುತ್ತಾರೆ. ನೀವು ಕಥಾಸಂಕಲನವನ್ನು ಹುಡುಕಿಕೊಂಡು ಹೋಗಿರಲಿಲ್ಲ. ಅದೇ ಸಿಕ್ಕಿತು.

ಮುಂದಿನ ಸಲ ಹೋದಾಗ ಮೊದಲ ಅರ್ಧ ಗಂಟೆ ಓದಲು ಪ್ರಯತ್ನವನ್ನೇ ಮಾಡಬೇಡಿ. ಸುಮ್ನೆ ಸುತ್ತಾಡಿ. ನಿಮಗೆ ಏನೇನೂ ಸಂಬಂಧ ಇಲ್ಲದ ಕಪಾಟಿಗೆ ಹೋಗಿ: ಹಕ್ಕಿಗಳು, ನಕ್ಷೆಗಳು, ಹಳೆಯ ಕಟ್ಟಡಗಳು. ಚಿತ್ರ ಇರುವ ದೊಡ್ಡ ಪುಸ್ತಕ ತೆಗೆದು ಪುಟ ತಿರುವಿ. ಮೈ ತೂಗಿದರೆ ತೂಗಲಿ, ತಡೆಯಬೇಡಿ. ಅದು ತಾನಾಗಿ ನಿಲ್ಲುತ್ತದೆ. ನಿಂತದ್ದು ನಿಮಗೆ ಗೊತ್ತೂ ಆಗುವುದಿಲ್ಲ.

ಆಮೇಲೆ ಕೂರಲು ಜಾಗ ಹುಡುಕಿ, ಚಿಕ್ಕದನ್ನು ಓದಿ. ಸಣ್ಣ ಕಥೆ, ಕವಿತೆ, ಪ್ರಬಂಧ, ಯಾರದೋ ಪತ್ರಗಳು. ಮುಂಚೆ ಆರುನೂರು ಪುಟದ ಕಾದಂಬರಿ ಎರಡು ದಿನದಲ್ಲಿ ಮುಗಿಸುತ್ತಿದ್ದೆ, ಈಗ ಏನಾಯಿತು ನನಗೆ ಅಂತ ಕೊರಗುವವರನ್ನು ತುಂಬಾ ನೋಡಿದ್ದೇನೆ. ನಿದ್ದೆ ತುಂಡು ತುಂಡಾಗಿರುವ ವರ್ಷಗಳಲ್ಲಿ ಗಮನವೂ ತುಂಡಾಗೇ ಇರುತ್ತದೆ. ಒಂದೇ ಕೂರಿಕೆಯಲ್ಲಿ ಶುರುವಾಗಿ ಮುಗಿಯುವಂಥದ್ದು ಈಗ ನಿಮಗೆ ಒಳ್ಳೆಯದು. ದಿನದಲ್ಲಿ ಬೇರೆ ಯಾವುದೂ ಮುಗಿಯುವುದಿಲ್ಲ, ಒಂದು ಕಥೆಯಾದರೂ ಮುಗಿಯಲಿ.

ಫೋನ್ ಬಗ್ಗೆ ಒಂದೇ ಮಾತು. ಗಂಡನ ಕರೆ ಮಾತ್ರ ಕೇಳಿಸುವ ಹಾಗೆ ಸೆಟ್ ಮಾಡಿ ಬ್ಯಾಗಿನೊಳಗೆ ಹಾಕಿಬಿಡಿ. ಕೈಯಲ್ಲಿ, ಜೇಬಿನಲ್ಲಿ ಬೇಡ. "ಏನಾದರೂ ಆದರೆ ಕರೆ ಮಾಡಿ, ಇಲ್ಲದಿದ್ದರೆ ನಾನೂ ಮಾಡಲ್ಲ" ಅಂತ ಮೊದಲೇ ಹೇಳಿ ಹೋದರೆ, ಫೋನ್ ಸದ್ದು ಮಾಡದಿರುವುದೇ ಒಳ್ಳೆಯ ಸುದ್ದಿ.

ಮಕ್ಕಳ ಪುಸ್ತಕ ತಂದಿರಿ ಅಂತ ಬರೆದಿದ್ದೀರಿ. ತಂದದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ನೀವು ಓದುತ್ತಿದ್ದ ಪುಸ್ತಕ ಅಲ್ಲೇ ಇಟ್ಟು ಬಂದಿರಿ ನೋಡಿ, ಅದು ನನಗೆ ಬೇಜಾರಾಯಿತು. ಅದು ದಂಡ ಕಟ್ಟಿದ ಹಾಗಿತ್ತು. ಖುಷಿಪಟ್ಟೆ, ಅದಕ್ಕೆ ಈಗ ಮಕ್ಕಳಿಗೆ ಏನಾದರೂ ಕೊಡಬೇಕು ಅನ್ನುವ ಲೆಕ್ಕ. ಮುಂದಿನ ಸಲ ಮಕ್ಕಳ ಕಪಾಟಿನ ಕಡೆ ಹೋಗಲೇಬೇಡಿ. ಮಕ್ಕಳಿಗೆ ಪುಸ್ತಕ ಕೊಡಿಸಬೇಕು ಅಂದರೆ ಇನ್ನೊಂದು ದಿನ ಅವರನ್ನೇ ಕರೆದುಕೊಂಡು ಹೋಗಿ. ಆರು ವರ್ಷದ ಹುಡುಗಿಗೆ ತಾನೇ ಆರಿಸುವ ಸಂಭ್ರಮ ಬೇರೆ. ಅವತ್ತು ನಿಮ್ಮ ಕಣ್ಣೆಲ್ಲ ಅವಳ ಮೇಲೆ ಇರಲಿ. ನಿಮ್ಮ ಸಂಜೆ ನಿಮ್ಮದಾಗಿರಲಿ. ಏನೂ ಕೊಳ್ಳದೆ ಬಂದರೂ ಪರವಾಗಿಲ್ಲ, ನಿಮಗೆ ಬೇಕಾದದ್ದನ್ನು ಬಿಟ್ಟು ಮಾತ್ರ ಬರಬೇಡಿ.

ಇನ್ನು ಬಾಗಿಲಲ್ಲಿ ಅತ್ತ ಮಗನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ತಾಯಂದಿರು ಈ ಅಳುವಿಗೆ ಹೆದರಿಯೇ ಹೊರಗೆ ಹೋಗುವುದನ್ನು ಬಿಟ್ಟಿರುತ್ತಾರೆ.

ಅಗಲಿಕೆಯ ಅಳು ಸಾಮಾನ್ಯವಾಗಿ ಎಂಟು ಒಂಬತ್ತು ತಿಂಗಳ ಹೊತ್ತಿಗೆ ಶುರುವಾಗುತ್ತದೆ. ಹತ್ತರಿಂದ ಹದಿನೆಂಟು ತಿಂಗಳ ನಡುವೆ ಜೋರಾಗಿರುತ್ತದೆ. ಮೂರು ವರ್ಷದ ಹೊತ್ತಿಗೆ ಎಷ್ಟೋ ಮಕ್ಕಳಲ್ಲಿ ಇಳಿಯುತ್ತದೆ. ನಿಮ್ಮ ಮಗ ಎರಡೂವರೆ, ಅಂದರೆ ಇಳಿಯುವ ಹಾದಿಯಲ್ಲಿದ್ದಾನೆ. ಅಮ್ಮ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದಾಳೆ ಅನ್ನುವುದು ಮಗುವಿಗೆ ತಿಳಿಯುತ್ತದೆ. ಯಾವಾಗ ಬರುತ್ತಾಳೆ ಅನ್ನುವುದು ತಿಳಿಯುವುದಿಲ್ಲ. ಅಳು ಅದಕ್ಕೆ. ನೀವು ಅವನಿಗೆ ಬೇಕು ಅನ್ನುವುದನ್ನು ಅವನಿಗೆ ಗೊತ್ತಿರುವ ಭಾಷೆಯಲ್ಲಿ ಹೇಳುತ್ತಿದ್ದಾನೆ. ಹೋಗಬಾರದು ಅನ್ನುವ ತೀರ್ಪಲ್ಲ ಅದು.

ಕದ್ದು ಮಾತ್ರ ಹೋಗಬೇಡಿ. ಆಟದಲ್ಲಿ ಮುಳುಗಿದ್ದಾಗ ಹಿಂದಿನಿಂದ ಜಾರಿಕೊಂಡರೆ ಅವತ್ತು ಅಳು ತಪ್ಪಬಹುದು. ಆದರೆ ಅಮ್ಮ ಯಾವಾಗ ಬೇಕಾದರೂ ಮಾಯವಾಗಬಹುದು ಅಂತ ಅವನಿಗೆ ಅನ್ನಿಸಿದರೆ, ಮರುದಿನದಿಂದ ನೀವು ಬಚ್ಚಲಿಗೆ ಹೋದರೂ ಹಿಂದೆ ಬರುತ್ತಾನೆ. ಎದುರಿಗೇ ಹೇಳಿ ಹೋಗಿ. ಪ್ರತಿ ಸಲ ಅದೇ ಮಾತು, ಅದೇ ಮುತ್ತು, ಅಷ್ಟೇ ಚಿಕ್ಕದಾಗಿ. "ಅಮ್ಮ ಪುಸ್ತಕದ ಅಂಗಡಿಗೆ ಹೋಗ್ತೀನಿ. ನೀನು ಅಪ್ಪನ ಜೊತೆ ಊಟ ಮಾಡು. ಊಟ ಆದ್ಮೇಲೆ ಬರ್ತೀನಿ." ಎಂಟು ಗಂಟೆ ಅಂದರೆ ಅವನಿಗೆ ಅರ್ಥವಾಗುವುದಿಲ್ಲ, ಊಟ ಆದ ಮೇಲೆ ಅಂದರೆ ಅರ್ಥವಾಗುತ್ತದೆ. ಹೇಳಿದ ಮೇಲೆ ಹೊರಡಿ. ಬಾಗಿಲ ತನಕ ಹೋಗಿ ವಾಪಸ್ ಬಂದು ಇನ್ನೊಂದು ಸಲ ಎತ್ತಿಕೊಂಡರೆ ಇಬ್ಬರಿಗೂ ಕಷ್ಟ ಜಾಸ್ತಿ. ಹೇಳಿದ ಹೊತ್ತಿಗೆ ತಪ್ಪದೆ ಬನ್ನಿ. ಬಂದ ಮೇಲೆ "ನೋಡು, ಅಮ್ಮ ಬಂದೆ" ಅನ್ನಿ. ಪ್ರತಿ ಸಲವೂ ಅನ್ನಿ.

ಡೊನಾಲ್ಡ್ ವಿನಿಕಾಟ್ ಅಂತ ಒಬ್ಬರು ಮಕ್ಕಳ ವೈದ್ಯರಿದ್ದರು, ಮನೋವಿಶ್ಲೇಷಕರೂ ಹೌದು. ಒಬ್ಬರೇ ಇರಬಲ್ಲ ಶಕ್ತಿಯ ಬಗ್ಗೆ 1958ರಲ್ಲಿ ಒಂದು ಲೇಖನ ಬರೆದರು. ಅದರ ಸಾರ ಇಷ್ಟು: ಒಬ್ಬರೇ ಇರುವುದನ್ನು ಮಗು ಕಲಿಯುವುದು ಯಾರೋ ಜೊತೆಗಿರುವಾಗ. ಅಮ್ಮ ಅಲ್ಲೇ ಪಕ್ಕದಲ್ಲಿ ತನ್ನ ಪಾಡಿಗೆ ಇರುತ್ತಾಳೆ, ಮಗು ತನ್ನ ಪಾಡಿಗೆ ಆಡುತ್ತಿರುತ್ತದೆ. ಅವಳ ಕಡೆ ತಿರುಗಿಯೂ ನೋಡುವುದಿಲ್ಲ. ಅವಳು ಇದ್ದಾಳೆ ಅನ್ನುವುದು ಎಷ್ಟು ಖಾತ್ರಿ ಅಂದರೆ ಅವಳನ್ನು ಮರೆಯಬಹುದು.

ಇದನ್ನು ಓದುವಾಗ ನಿಮ್ಮ ಸ್ಟೂಲ್ ನೆನಪಾಯಿತಾ? ನೀವು ಪಕ್ಕದಲ್ಲಿದ್ದಾಗ ನಿಮ್ಮನ್ನು ಮರೆತು ಆಡುವ ಮಗನನ್ನು ನೋಡಿ ನಿಮಗೆ ಬೇಜಾರಾಗುತ್ತಾ? ಇಲ್ಲ, ಸಮಾಧಾನ ಆಗುತ್ತದೆ. ನಿಮ್ಮ ಆ ಒಂದು ಗಂಟೆಯನ್ನೂ ಹಾಗೇ ನೋಡಿ ಅಂತ ಕೇಳಿಕೊಳ್ಳುತ್ತೇನೆ.

ಗಂಡನನ್ನು ಕೇಳಲು ಸಂಕೋಚ ಅಂದಿರಿ. ಪ್ರತಿ ಸಲ ಕೇಳಬೇಕಾದ ಸ್ಥಿತಿ ಇದ್ದರೆ ಸಂಕೋಚ ಆಗೇ ಆಗುತ್ತದೆ. ಹಾಗಾಗಿ ಒಂದೇ ಸಲ ಕೂತು ಮಾತಾಡಿ ದಿನ ಗೊತ್ತುಮಾಡಿಕೊಳ್ಳಿ. ತಿಂಗಳಿಗೆ ಎರಡು ಸಂಜೆ ಆಗಬಹುದಾ? ಆಗದಿದ್ದರೆ ಒಂದು. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದಣಿದಾಗ ಸಿಗುವ ರಜೆ ಆಗುವುದು ಬೇಡ, ದಣಿಯಲಿ ಬಿಡಲಿ, ಆ ದಿನ ಬಂದಾಗ ಹೊರಡುವುದು. ಸಬೀನ್ ಸೊನೆಂಟಾಗ್ ಮತ್ತು ಶಾರ್ಲೆಟ್ ಫ್ರಿಟ್ಜ್ ಎಂಬ ಸಂಶೋಧಕಿಯರು ಕೆಲಸದ ದಣಿವು ಹೇಗೆ ಆರುತ್ತದೆ ಅಂತ ನೋಡಿ 2007ರಲ್ಲಿ ನಾಲ್ಕು ಸಂಗತಿ ಗುರುತಿಸಿದರು. ಕೆಲಸದಿಂದ ಮನಸ್ಸು ಪೂರ್ತಿ ಬಿಡಿಸಿಕೊಳ್ಳುವುದು, ವಿಶ್ರಾಂತಿ, ಹೊಸದೇನನ್ನಾದರೂ ಕಲಿಯುವುದು, ಬಿಡುವನ್ನು ಹೇಗೆ ಕಳೆಯಬೇಕು ಅನ್ನುವುದು ನಮ್ಮ ಕೈಯಲ್ಲೇ ಇರುವುದು. ನಾಲ್ಕನೆಯದು ಅಪ್ಪ ಅಮ್ಮಂದಿರಿಗೆ ಎಲ್ಲಕ್ಕಿಂತ ಕಮ್ಮಿ ಸಿಗುತ್ತದೆ ಅಂತ ನನ್ನ ಅನುಭವ. ಮಗು ಯಾವಾಗ ಮಲಗುತ್ತೋ ಆಗ ಬಿಡುವು. ಯಾವಾಗ ಏಳುತ್ತೋ ಆಗ ಮುಗಿಯಿತು. ಮುಂಚೆಯೇ ಗೊತ್ತಿರುವ ಒಂದು ಸಂಜೆ ಇದ್ದರೆ, ಅದು ಬರುವ ನಾಲ್ಕು ದಿನ ಮುಂಚಿನಿಂದಲೇ ಹಗುರ ಅನ್ನಿಸಲು ಶುರುವಾಗುತ್ತದೆ.

ಅವರಿಗೂ ಅಂಥದ್ದೇ ಒಂದು ಸಂಜೆ ಇರಲಿ. ಆಗ ಇದು ಯಾರೋ ಯಾರಿಗೋ ಮಾಡಿದ ಉಪಕಾರ ಆಗುವುದಿಲ್ಲ, ಮನೆಯ ಪದ್ಧತಿ ಆಗುತ್ತದೆ. ಒಬ್ಬರೇ ಮಕ್ಕಳನ್ನು ಬೆಳೆಸುತ್ತಿರುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಮಕ್ಕಳಿರುವ ಇನ್ನೊಂದು ಮನೆಯವರ ಜೊತೆ ಸರದಿ ಮಾಡಿಕೊಳ್ಳಿ. ಈ ವಾರ ನಿಮ್ಮ ಮಕ್ಕಳು ಅವರ ಮನೆಯಲ್ಲಿ, ಮುಂದಿನ ವಾರ ಅವರ ಮಕ್ಕಳು ನಿಮ್ಮಲ್ಲಿ. ಮೂರು ಗಂಟೆ ಸಾಧ್ಯವಾಗದಿದ್ದರೆ ಒಂದೂವರೆ ಗಂಟೆಯೇ ಸರಿ.

ಚೀಟಿ ನಾಲ್ಕು ಸಾಲು ಮೀರಬಾರದು ಅಂದೆನಲ್ಲ. ಕಾರಣ ಇದು. ನೀವು ನಲವತ್ತು ಸಾಲು ಬರೆದುಕೊಟ್ಟರೆ, ಮನೆಯಲ್ಲಿ ಗಂಡ ಇದ್ದರೂ ಕಾವಲು ನಿಮ್ಮದೇ. ಅವರು ಮಕ್ಕಳಿಗೆ ಬೇರೆ ಬಟ್ಟೆ ಹಾಕಬಹುದು. ಊಟ ತಡವಾಗಬಹುದು. ನೀವು ಬಂದಾಗ ನೆಲದ ತುಂಬಾ ಆಟದ ಸಾಮಾನು ಇರಬಹುದು. ಮಕ್ಕಳು ಅಪ್ಪನ ರೀತಿಯಲ್ಲೂ ಒಂದು ಸಂಜೆ ಬದುಕಲಿ. ಬಂದ ತಕ್ಷಣ "ಇದ್ಯಾಕೆ ಹೀಗೆ" ಅನ್ನಬೇಡಿ. ಮಕ್ಕಳ ಹೊಟ್ಟೆ ತುಂಬಿದೆಯಾ, ಗಾಯ ಇಲ್ವಾ, ಅಷ್ಟು ನೋಡಿ.

ಕೊನೆಯದಾಗಿ, ಮನೆ ಮುಂದೆ ನಿಂತ ಆ ಐದು ನಿಮಿಷ. ನೀವು ಅದನ್ನು ನಾಚಿಕೆಯಿಂದ ಬರೆದ ಹಾಗಿದೆ. ಹಾಗೆ ನಿಲ್ಲುವವರು ನೀವೊಬ್ಬರೇ ಅಲ್ಲ. ಕಾವಲು ಇಳಿಯಲು ಮುಕ್ಕಾಲು ಗಂಟೆ ಹಿಡಿಯಿತು, ಮತ್ತೆ ಹೆಗಲಿಗೆ ಏರಿಸಿಕೊಳ್ಳಲು ಐದು ನಿಮಿಷ ಬೇಡವಾ? ಮುಂದಿನ ಸಲ ಆ ಐದು ನಿಮಿಷವನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಹೊರಡಿ.

ಆದರೂ ಸಲಹೆಗಾರಳಾಗಿ ನಾನು ಕೆಲವು ಪ್ರಶ್ನೆ ಕೇಳಲೇಬೇಕು. ಬೆಲ್ಜಿಯಂನ ಇಸಾಬೆಲ್ ರೋಸ್ಕಾಮ್ ಮತ್ತು ಮೊಯಿರಾ ಮಿಕೊಲಾಯ್‌ಚಾಕ್ ಎಂಬ ಸಂಶೋಧಕಿಯರು ಅಪ್ಪ ಅಮ್ಮಂದಿರ ತೀವ್ರ ಬಳಲಿಕೆಯ ಬಗ್ಗೆ ತುಂಬಾ ಕೆಲಸ ಮಾಡಿದ್ದಾರೆ. ಅವರು ಹೇಳುವ ಗುರುತುಗಳು ಇವು. ಬೆಳಿಗ್ಗೆ ಏಳುವಾಗಲೇ ಇವತ್ತು ಮಕ್ಕಳನ್ನು ಹೇಗಪ್ಪಾ ನಿಭಾಯಿಸುವುದು ಅನ್ನುವಷ್ಟು ಸುಸ್ತು. ಮಕ್ಕಳಿಂದ ಮನಸ್ಸು ದೂರ ಸರಿಯುವುದು, ಊಟ ಸ್ನಾನ ಎಲ್ಲ ಮಾಡಿಸುತ್ತೀರಿ, ಆದರೆ ಒಳಗೆ ಏನೂ ಅನ್ನಿಸುವುದಿಲ್ಲ. ತಾಯಿಯಾಗಿರುವುದರಲ್ಲಿ ಮುಂಚೆ ಇದ್ದ ಖುಷಿ ಪೂರ್ತಿ ಇಲ್ಲವಾಗುವುದು. ನಾನು ಮುಂಚೆ ಇಂಥ ತಾಯಿ ಆಗಿರಲಿಲ್ಲ ಅಂತ ದಿನವೂ ಅನ್ನಿಸುವುದು. ಇಂಥವರಿಗೆ ಎಲ್ಲ ಬಿಟ್ಟು ಹೋಗಿಬಿಡಬೇಕು ಅನ್ನುವ ಯೋಚನೆ ಮತ್ತೆ ಮತ್ತೆ ಬರುತ್ತದೆ. ಇದು ನಿಮ್ಮ ಕಥೆ ಅನ್ನಿಸಿದರೆ, ಅಥವಾ ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಖುಷಿಯೇ ಇಲ್ಲದೆ ಮನಸ್ಸು ಕುಗ್ಗಿದ್ದರೆ, ಪುಸ್ತಕದ ಅಂಗಡಿ ಸಾಲದು. ದಯವಿಟ್ಟು ವೈದ್ಯರನ್ನೋ ಆಪ್ತ ಸಲಹೆಗಾರರನ್ನೋ ನೋಡಿ. ನಿಮಗೆ ನೀವೇ ಅಥವಾ ಮಕ್ಕಳಿಗೆ ನೋವು ಮಾಡುವ ಯೋಚನೆ ಬಂದರೆ ಅವತ್ತೇ ಹೋಗಿ, ಒಬ್ಬರೇ ಹೋಗಬೇಡಿ.

ನಿಮ್ಮ ಪತ್ರದಲ್ಲಿ ನನಗೆ ಅದು ಕಾಣಲಿಲ್ಲ. ಒಂದು ಕಥಾಸಂಕಲನ ನಿಮ್ಮನ್ನು ಒಂದು ಗಂಟೆ ಹಿಡಿದಿಟ್ಟಿತು. ಎರಡೂವರೆ ವರ್ಷ ಆದ ಮೇಲೂ ಖುಷಿಪಡುವ ಶಕ್ತಿ ಹಾಗೇ ಇದೆ. ಹೊರಗೆ ಐದು ನಿಮಿಷ ನಿಂತು ಒಳಗೂ ಹೋದಿರಿ, ಬಹುಶಃ ತಂದ ಪುಸ್ತಕವನ್ನು ಅವತ್ತು ರಾತ್ರಿಯೇ ಓದಿ ಹೇಳಿರುತ್ತೀರಿ.

ಆ ಕಥಾಸಂಕಲನದ ಹೆಸರು ನೆನಪಿದ್ದರೆ ಇವತ್ತೇ ಒಂದು ಕಡೆ ಬರೆದಿಟ್ಟುಕೊಳ್ಳಿ. ಯಾವ ಕಥೆಯಲ್ಲಿ ನಿಲ್ಲಿಸಿದಿರಿ ಅನ್ನುವುದನ್ನೂ ಬರೆಯಿರಿ. ಹೆಸರು ನೆನಪಿಲ್ಲದಿದ್ದರೂ ಆ ಸ್ಟೂಲ್ ಯಾವ ಮೂಲೆಯಲ್ಲಿತ್ತು ಅಂತ ಗೊತ್ತಿದೆಯಲ್ಲ. ಅದರ ಹತ್ತಿರದ ಕಪಾಟಿನಿಂದ ಶುರುಮಾಡಿ.